ಚಕ್ರಪಾಣಿಗಳ ಎಡಮಗ್ಗುಲಿನ ಮೆತ್ತೆ

ಹಳೆಯ ಫುಟ್‌ಬಾಲ್ ಆಟಗಾರರಿಗೆ ಸನ್ಮಾನ ಅಂದರೆ ಶಾಲು, ಹಾರ, ಒಂದು ತಟ್ಟೆ ಹಣ್ಣು ಅಂದುಕೊಂಡಿದ್ದರು ಅಂಬುಜಮ್ಮ. ಆಹ್ವಾನಪತ್ರಿಕೆಯ ಕೊನೆಯ ಸಾಲನ್ನು ಎರಡು ಸಲ ಓದಿದರು. 'ಚಕ್ರಪಾಣಿಯವರು ಗೋಲಿನಲ್ಲಿ ನಿಲ್ಲುವರು. ಏಕಾಂತಯ್ಯನವರು ಚೆಂಡು ಒದೆಯುವರು.'

ಗಂಡ ಚಕ್ರಪಾಣಿಗೆ ಎಂಬತ್ತೊಂದು. ಹೋದ ವರ್ಷ ಬಚ್ಚಲಲ್ಲಿ ಜಾರಿ ಎಡ ಸೊಂಟಕ್ಕೆ ರಾಡು ಹಾಕಿಸಿಕೊಂಡವರು. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಅಂದಿದ್ದರು ಡಾಕ್ಟರು. ಬೀಳುವುದೇ ಕಸುಬಾಗಿದ್ದ ಮನುಷ್ಯನ ತಲೆಗೆ ಅದು ಎಷ್ಟು ಹೋಯಿತೋ!

ಓಕಳಿಪುರದ ರೈಲು ಹಳಿ ಪಕ್ಕದ ಬಯಲಿನಲ್ಲಿ ಬರಿಗಾಲಲ್ಲೇ ಆಡಿ ಬೆಳೆದವರು ಚಕ್ರಪಾಣಿ. ಆಗ ಗೋಲ್‌ಕೀಪರಿಗೆ ಕೈಗವಸು ಎಲ್ಲಿ? ನೆಲವೆಲ್ಲ ಜಲ್ಲಿಕಲ್ಲು. ಹಗಲು ಗುಮಾಸ್ತಿಕೆ, ಸಂಜೆ ಗೋಲು. ಮದುವೆಯಾದ ಹೊಸತರಲ್ಲಿ ಅಂಬುಜಮ್ಮ ಹರಿದ ಹಾಸಿಗೆಯ ಹತ್ತಿ ತೆಗೆದು, ಅವರ ನಿಕ್ಕರಿನ ಎರಡೂ ಮಗ್ಗುಲಿಗೆ ಮೆತ್ತೆ ಹೊಲಿದುಕೊಟ್ಟರು.

"ಗಂಡನಿಗೆ ಹಾಸಿಗೆ ಉಡಿಸಿ ಕಳಿಸ್ತೀಯೇನೇ?" ಎಂದು ಅತ್ತೆ ಹಂಗಿಸಿದ್ದರು.

ಒಂದೇ ಒಂದು ಸಲ ಅಂಬುಜಮ್ಮ ಆಟ ನೋಡಲು ಹೋಗಿದ್ದರು. ಎದುರು ತಂಡದ ಏಕಾಂತಯ್ಯ ನುಗ್ಗಿ ಬಂದಾಗ ಚಕ್ರಪಾಣಿ ಅವನ ಕಾಲಿಗೇ ಎಗರಿದರು. "ಬೇಡಾ ರೀ!" ಎಂದು ಅಂಬುಜಮ್ಮ ಚೀರಿದರು. ಅವರ ಎರಡು ಬೆರಳು ಮುರಿದವು, ಚೆಂಡು ಬಿಡಲಿಲ್ಲ.

"ಮೈದಾನದಲ್ಲಿ ನಂಗೆ ಏನೂ ಕೇಳಿಸಲ್ಲ ಕಣೆ" ಅಂದಿದ್ದರು ಮನೆಗೆ ಬಂದು. ಆಮೇಲೆ ಹನ್ನೆರಡು ವರ್ಷ ಆಡಿದರು. ಆಕೆ ಮತ್ತೆ ಹೋಗಲಿಲ್ಲ. ಸಂಜೆ ಗೇಟಿನ ಸದ್ದಿಗೆ ಕಾಯುವುದು, ಬಂದವರ ಕೈ ಮೊದಲು ನೋಡುವುದು, ಮುಖ ಆಮೇಲೆ.

ಈಗ ಸುಮ್ಮನಿರಲಾಗಲಿಲ್ಲ. ಸುಲ್ತಾನ್‌ಪೇಟೆಯಲ್ಲಿ ಏಕಾಂತಯ್ಯನವರ ಲಗ್ನಪತ್ರಿಕೆ ಅಂಗಡಿಗೇ ಹೋದರು.

"ನಿಮ್ಮ ಯಜಮಾನ್ರು ನಂಗೆ ಒಂದು ಗೋಲೂ ಹೊಡೆಯಕ್ಕೆ ಬಿಟ್ಟಿಲ್ಲ. ಈಗ ಸುಮ್ನೆ ಬಿಡ್ತೀನಾ?" ಎಂದು ನಕ್ಕ ಏಕಾಂತಯ್ಯ, ಆಕೆಯ ಮುಖ ಕಂಡು ತಣ್ಣಗಾದರು. "ಹೆದರಬೇಡಿ ತಾಯಿ. ಕೈಗೇ ಉರುಳಿಸ್ತೀನಿ."

ಆದರೂ ನಂಬಿಕೆ ಸಾಲದೆ, ಆ ದಿನದ ಪ್ಯಾಂಟಿನ ಎಡಮಗ್ಗುಲಿಗೆ ಮತ್ತೆ ಮೆತ್ತೆ ಹೊಲಿದರು. ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಹಿಡಿಯಿತು.

"ಇದೇನೇ?"

"ಸುಮ್ನೆ ಹಾಕ್ಕೊಳ್ಳಿ."

ಮೈದಾನದಲ್ಲಿ ಚಕ್ರಪಾಣಿ ಊರುಗೋಲನ್ನು ಕಂಬಕ್ಕೆ ಒರಗಿಸಿ ನಿಂತರು. ಏಕಾಂತಯ್ಯ ಓಡಿಬರಲಿಲ್ಲ, ನಡೆದೇ ಬಂದರು. ಒದೆಯುವ ಹೊತ್ತಿಗೆ ಮಂಡಿ ಕೈಕೊಟ್ಟಿತು. ಚೆಂಡು ಚಕ್ರಪಾಣಿಗಳ ಎಡಕ್ಕೆ ಹೊರಟಿತು. ಅವರ ಹಿಮ್ಮಡಿ ನೆಲ ಬಿಟ್ಟಿದ್ದು ಅಂಬುಜಮ್ಮನಿಗೆ ಕಂಡಿತು. ಆವತ್ತು ಎಗರುವ ಮುಂಚೆಯೂ ಹಾಗೇ ಎದ್ದಿತ್ತು.

"ಬೇಡಾ ರೀ!"

ಹಿಮ್ಮಡಿ ಕೆಳಗಿಳಿಯಿತು. ಚೆಂಡು ಉರುಳಿ ಒಳಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ, ಆಟೋ ಶೇಷಾದ್ರಿಪುರಂ ದಾಟಿದ ಮೇಲೆ ಚಕ್ರಪಾಣಿ ಅಂದರು:

"ಅವನು ಕಾಲು ಊರಿದಾಗ್ಲೇ ಗೊತ್ತಾಯ್ತು, ಎಡಕ್ಕೆ ಬರುತ್ತೆ ಅಂತ."

"ಮತ್ಯಾಕೆ ಬಿಟ್ರಿ?"

"ನೀನು ಕೂಗಿದ್ಯಲ್ಲ."

"ಮೈದಾನದಲ್ಲಿ ಏನೂ ಕೇಳಿಸಲ್ಲ ಅಂತಿದ್ರಿ?"

"ಆವತ್ತೂ ಕೇಳಿಸಿತ್ತು" ಅಂದು ಅವರು ಹೊರಗೆ ನೋಡತೊಡಗಿದರು.

ಅಂಬುಜಮ್ಮ ಮೆಲ್ಲಗೆ ಅವರ ಸೊಂಟ ಮುಟ್ಟಿ ನೋಡಿದರು. ಅಲ್ಲಿ ಬರೀ ಮೂಳೆ. ಹೊಲಿಗೆ ಬಿಚ್ಚಿ ಮೆತ್ತೆ ಯಾವಾಗಲೋ ಮಂಡಿಗೆ ಜಾರಿತ್ತು. ಮನೆ ಸೇರುವವರೆಗೂ ಸೊಂಟದಿಂದ ಕೈ ತೆಗೆಯಲಿಲ್ಲ.