ನಿಂಬೆಹಣ್ಣು ಬೇಡ, ಬಾಲು ಕೊಡಿ

ಪೀಣ್ಯದಲ್ಲಿ ಕಾರ್ಖಾನೆಗಳು ಏಳುವುದಕ್ಕೆ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು ನಮ್ಮ ಮನೆಯವರು. ನಾನು ದೊಡ್ಡವಳಾಗುವ ಹೊತ್ತಿಗೆ ಹೊಲವಿರಲಿಲ್ಲ. ಅಪ್ಪ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದ. ನಾನು ಪಿಯುಸಿ ಮುಗಿಸಿ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದ್ದೆ. ಕಾಯಿಲ್ ವಿಭಾಗದಲ್ಲಿ ನಾವೆಲ್ಲ ಹೆಂಗಸರೇ. ಹೆಂಗಸರ ಬೆರಳು ಸಣ್ಣ, ತಾಳ್ಮೆ ಜಾಸ್ತಿ ಎಂದು ಸಾಹೇಬರು ಹೇಳುತ್ತಿದ್ದರು. ತಾಳ್ಮೆಯ ವಿಷಯ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ.

ನನ್ನ ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ನಲವತ್ತರ ಆಸುಪಾಸಿನ ಹೆಂಗಸು, ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಹಲಸೂರಿನ ಕಡೆ. ಆ ಗಲ್ಲಿಗಳಲ್ಲಿ ಮಕ್ಕಳು ಕ್ರಿಕೆಟ್ ಬ್ಯಾಟು ಹಿಡಿಯುವ ಮೊದಲೇ ಫುಟ್‌ಬಾಲ್ ಒದೆಯುತ್ತಾರೆ. ಅಕ್ಕನೂ ಒದ್ದವಳೇ. ಮದುವೆಗೆ ಮುಂಚೆ ರಾಜ್ಯದ ಹೆಂಗಸರ ತಂಡದಲ್ಲಿ ಆಡಿದ್ದಳು, ರೈಲು ಹತ್ತಿ ಕಲ್ಕತ್ತಾದವರೆಗೂ ಹೋಗಿ ಬಂದಿದ್ದಳು. ಮದುವೆ ಗೊತ್ತಾದ ಮೇಲೆ ಬೂಟುಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳಂತೆ. ಅದನ್ನು ದುಃಖದಿಂದ ಹೇಳುತ್ತಿರಲಿಲ್ಲ. ಹುಳುಕು ಹಲ್ಲು ಕೀಳಿಸಿಕೊಂಡದ್ದನ್ನು ಹೇಳುವ ಹಾಗೆ ಹೇಳುತ್ತಿದ್ದಳು.

ತೊಂಬತ್ತೊಂಬತ್ತನೇ ಇಸವಿಯ ಆ ಬೇಸಗೆಯೆಲ್ಲ ಕ್ಯಾಂಟೀನಿನಲ್ಲಿ ಕ್ರಿಕೆಟ್ ವಿಶ್ವಕಪ್ಪಿನದೇ ಮಾತು. ಅದು ಮುಗಿದ ಮೇಲೂ ಯಾರು ಯಾವ ಕ್ಯಾಚ್ ಬಿಟ್ಟ ಎನ್ನುವ ಜಗಳ ನಿಂತಿರಲಿಲ್ಲ. ಒಂದು ಮಧ್ಯಾಹ್ನ ಮೇಜಿನ ಮೇಲೆ ಬಿದ್ದಿದ್ದ ಪೇಪರಿನ ಆಟದ ಪುಟವನ್ನು ಅಕ್ಕ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಊಟದ ಡಬ್ಬಿ ತೆರೆದಿರಲಿಲ್ಲ.

“ಏನಕ್ಕಾ?” ಅಂದೆ.

“ಇದನ್ನ ಓದೇ ಸ್ವಲ್ಪ. ನಾನು ಸರಿಯಾಗಿ ಓದಿದ್ನಾ ನೋಡು.”

ಕನ್ನಡ ಓದುವುದು ಅವಳಿಗೆ ನಿಧಾನ. ಪುಟದ ಮೂಲೆಯಲ್ಲಿ ನಾಲ್ಕೈದು ಸಾಲಿನ ಸುದ್ದಿ ಇತ್ತು. ಅಮೆರಿಕದಲ್ಲಿ ಹೆಂಗಸರ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿದೆ, ದೊಡ್ಡ ದೊಡ್ಡ ಕ್ರೀಡಾಂಗಣಗಳು ತುಂಬಿ ತುಳುಕುತ್ತಿವೆ, ಇದು ಮೂರನೆಯ ವಿಶ್ವಕಪ್ ಎಂದು ಬರೆದಿದ್ದರು.

“ಮೂರನೇದಾ?” ಅಕ್ಕ ಕೇಳಿದಳು. “ಹಂಗಾದ್ರೆ ಇನ್ನೆರಡು ಯಾವಾಗಾಯ್ತು? ನನಗ್ಯಾಕೆ ಯಾರೂ ಹೇಳ್ಲಿಲ್ಲ?”

ತಾನು ಬಿಟ್ಟ ದಿನವೇ ಆಟವೂ ನಿಂತಿತು ಎಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಳು. ಈಗ ನೋಡಿದರೆ ಅದು ಅವಳನ್ನು ಬಿಟ್ಟು ಎಲ್ಲೆಲ್ಲಿಗೋ ಹೋಗಿ ಬೆಳೆದುಬಿಟ್ಟಿತ್ತು. ಪಕ್ಕದ ಮೇಜಿನಿಂದ ಅಸೆಂಬ್ಲಿ ವಿಭಾಗದವನೊಬ್ಬ, “ಹೆಂಗಸ್ರ ಫುಟ್‌ಬಾಲಾ? ಸೆರಗು ಕಾಲಿಗೆ ಸಿಕ್ಕಾಕ್ಕೊಂಡ್ರೆ ಯಾರಿಗೆ ಗುರು ಗೋಲು?” ಎಂದ. ಸುತ್ತ ಕೂತವರು ನಕ್ಕರು. ಅಕ್ಕ ಆ ತುಂಡನ್ನು ಹರಿದು ಬ್ಲೌಸಿನೊಳಗೆ ಇಟ್ಟುಕೊಂಡಳು.

ಫೈನಲ್ ಮುಗಿದ ಮರುದಿನ ಭಾನುವಾರ. ಕೇಬಲ್ ಇದ್ದದ್ದು ನಮ್ಮ ಮನೆಯಲ್ಲಿ. ಕಾಯಿಲ್ ವಿಭಾಗದ ಅರ್ಧದಷ್ಟು ಹೆಂಗಸರು ನಮ್ಮ ನಡುಮನೆಗೆ ಬಂದು ಕೂತರು. ಅಣ್ಣ ರಿಮೋಟ್ ಹಿಡಿದು ಸಿನಿಮಾ ನೋಡುತ್ತಿದ್ದ. “ಕೊಡೋ ಇಲ್ಲಿ” ಎಂದು ಕಿತ್ತುಕೊಂಡೆ. ಅಷ್ಟು ಜನರ ಮುಂದೆ ಅವನು ಜಗಳಕ್ಕೆ ಬರಲಿಲ್ಲ. ಆಟದ ಸುದ್ದಿಯಲ್ಲಿ ಫೈನಲಿನ ಕೆಲವೇ ನಿಮಿಷಗಳನ್ನು ತೋರಿಸಿದರು. ಕಣ್ಣು ಹಾಯುವಷ್ಟು ದೂರವೂ ಜನ. ಪೂರ್ತಿ ಆಟದಲ್ಲಿ ಯಾರೂ ಗೋಲು ಹೊಡೆಯದೆ, ಕೊನೆಗೆ ಒಬ್ಬೊಬ್ಬರಾಗಿ ಬಂದು ಪೆನಾಲ್ಟಿ ಒದೆಯುತ್ತಿದ್ದರು.

“ಚೆಡ್ಡಿ ಆಕ್ಕಂಡವ್ರಲ್ಲೇ,” ಎಂದ ಅಪ್ಪ.

ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಮತ್ತಿನ್ನೇನು, ಸೀರೆ ಉಟ್ಕಂಡು ಅಂಗೆ ಒದೆಯಕ್ಕಾಯ್ತದಾ? ಸುಮ್ಕೆ ನೋಡಿ.”

ಒದೆಯುವವಳು ಓಡಿ ಬರುವಾಗಲೆಲ್ಲ ಅಕ್ಕನ ಬಲಗಾಲು ಚಾಪೆಯ ಮೇಲೆ ತಾನಾಗಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ನಮ್ಮ ಕಾರ್ಖಾನೆಯಲ್ಲಿ ನವೆಂಬರಿನಲ್ಲಿ ರಾಜ್ಯೋತ್ಸವದ ಜೊತೆಗೇ ಆಟೋಟದ ದಿನ. ಗಂಡಸರಿಗೆ ಕ್ರಿಕೆಟ್ಟು, ಫುಟ್‌ಬಾಲು, ಹಗ್ಗ ಜಗ್ಗಾಟ. ನಮಗೆ ರಂಗೋಲಿ, ಮ್ಯೂಸಿಕಲ್ ಚೇರು, ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಬೀಳಿಸದೆ ನಡೆಯುವ ಪಂದ್ಯ. ಆ ವರ್ಷ ಅಕ್ಕ ನನ್ನನ್ನು ಕರೆದುಕೊಂಡು, ಕೆಲಸಗಾರರ ವ್ಯವಹಾರ ನೋಡಿಕೊಳ್ಳುವ ಪರ್ಸನಲ್ ಆಫೀಸರ ಕೋಣೆಗೆ ಹೋದಳು.

“ಈ ಸಲ ನಮಗೂ ಫುಟ್‌ಬಾಲ್ ಇಡಿ ಸಾರ್.”

ಅವರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು. “ಅಲ್ಲಮ್ಮಾ, ಏಟು ಗೀಟು ಬಿದ್ರೆ ಯಾರು ಜವಾಬ್ದಾರಿ? ನಾಳೆ ನಿಮ್ಮ ಗಂಡಂದಿರು ಬಂದು ನನ್ನ ಕೇಳ್ತಾರೆ.”

“ತಂತಿ ಬೆರಳು ಸೀಳಿದಾಗ ಯಾವ ಗಂಡ ಬಂದು ಕೇಳಿದ್ದ ಸಾರ್ ನಿಮ್ಮನ್ನ?”

ಅವರು ಕನ್ನಡಕ ತೆಗೆದು ಒರೆಸಿದರು. ನೋಡೋಣ ಎಂದರು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಆದರೂ ಅವತ್ತೇ ಸಂಜೆ ನಾವು ಆಡಲು ಶುರು ಮಾಡಿದೆವು. ಕಾರ್ಖಾನೆಯ ಹಿಂದೆ ಯಾರದೋ ಖಾಲಿ ಜಾಗ, ಜಾಲಿಗಿಡ, ಗಾಜಿನ ಚೂರು. ಗಿಡ ಕಡಿದು, ಚೂರು ಆರಿಸಿ ಹಾಕಿದೆವು. ಅಕ್ಕನ ತಮ್ಮ ಒಂದು ಹಳೇ ಬಾಲು ಕೊಟ್ಟಿದ್ದ. ತಮ್ಮನದೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಅವಳು ನಿಂತಾಗ ನಾವು ಮೊದಲು ನಕ್ಕೆವು, ಬಾಲು ಅವಳ ಕಾಲಿಗೆ ಬಂದ ಮೇಲೆ ನಗಲಿಲ್ಲ. “ಬಾಲ್ ನೋಡ್ಬೇಡ, ಎದುರಿಗೆ ಬರೋಳ ಸೊಂಟ ನೋಡೇ. ಸೊಂಟ ಸುಳ್ಳು ಹೇಳಲ್ಲ,” ಎಂದು ಬೈದು ಬೈದು ಕಲಿಸಿದಳು. ವಿಷಯ ತಿಳಿದ ಗಂಡ ಅವಳೊಡನೆ ಮಾತು ಬಿಟ್ಟ. “ಬಿಡ್ಲಿ. ಮನೆ ನಿಶ್ಶಬ್ದವಾಗಿದೆ,” ಎಂದಳು.

ಆಟೋಟದ ದಿನ ಬಂತು. ಬೋರ್ಡಿನಲ್ಲಿ ನಮ್ಮ ಪಾಲಿಗೆ ಅದೇ ರಂಗೋಲಿ, ಅದೇ ಚಮಚ. ಮೈಕಿನಲ್ಲಿ ಕರೆದಾಗ ನಾವೆಲ್ಲ ಸಾಲಾಗಿ ಹೋಗಿ ನಿಂತೆವು. ಮೇಜಿನ ಮೇಲೆ ಚಮಚಗಳಿದ್ದವು, ತಟ್ಟೆಯಲ್ಲಿ ನಿಂಬೆಹಣ್ಣುಗಳಿದ್ದವು. ಯಾರೂ ಕೈ ಚಾಚಲಿಲ್ಲ.

“ತಗೊಳ್ರಮ್ಮಾ, ಟೈಮಾಗ್ತಿದೆ,” ಎಂದರು ಮೈಕಿನವರು.

“ನಿಂಬೆಹಣ್ಣು ಬೇಡ, ಬಾಲ್ ಕೊಡಿ,” ಎಂದಳು ಅಕ್ಕ.

ಕೊಡುವುದಿಲ್ಲವೆಂದು ನಮಗೆ ಗೊತ್ತಿತ್ತು. ನಮ್ಮ ಬಾಲು ನನ್ನ ಚೀಲದಲ್ಲೇ ಇತ್ತು. ತೆಗೆದು ಮೈದಾನದ ನಡುವೆ ಇಟ್ಟೆ, ಎರಡು ಗುಂಪಾದೆವು, ಆಟ ಶುರುವಾಯಿತು. ಮೈಕು ನಮ್ಮ ಹೆಸರು ಹಿಡಿದು ಕರೆಯುತ್ತಲೇ ಇತ್ತು. ಸುತ್ತಲೂ ಶಿಳ್ಳೆ, ಕೂಗು.

ಸ್ವಲ್ಪ ಹೊತ್ತಿಗೆ ಗಂಡಸರ ತಂಡದ ಕ್ಯಾಪ್ಟನ್ ಇಬ್ಬರನ್ನು ಕಟ್ಟಿಕೊಂಡು ಬಂದ. “ಆಯ್ತಲ್ಲ ಅಕ್ಕಾ ತಮಾಷೆ. ಗ್ರೌಂಡ್ ಬಿಡಿ, ನಮ್ ಮ್ಯಾಚಿದೆ.”

ಅಕ್ಕ ಬಾಲಿನ ಮೇಲೆ ಕಾಲಿಟ್ಟು ನಿಂತಳು. “ಬೇಕಿದ್ರೆ ಬಂದು ತಗೋ.”

ಅವನು ನಗುತ್ತಾ ಕಾಲು ಹಾಕಿದ. ಬಾಲು ಅಲ್ಲಿರಲಿಲ್ಲ. ಎರಡನೆಯವನು ಬಂದ, ಅವನನ್ನೂ ದಾಟಿದಳು. ಮೂರನೆಯವನು ಬಾಲಿಗೆ ಹೋಗಲೇ ಇಲ್ಲ, ಭುಜದಿಂದ ಅವಳನ್ನೇ ನೂಕಿದ. ಅಕ್ಕ ಮಣ್ಣಿಗೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಶಿಳ್ಳೆಗಳು ನಿಂತವು. ನಾವು ಓಡಿದೆವು. ಅವಳು ನಮ್ಮನ್ನು ಪಕ್ಕಕ್ಕೆ ತಳ್ಳಿ ಎದ್ದು, ಗಂಡಸರ ಮ್ಯಾಚಿಗೆಂದು ಅಂಚಿನಲ್ಲಿ ಕಾದಿದ್ದ ರೆಫರಿಯ ಕಡೆ ತಿರುಗಿದಳು. ಆತ ಸ್ಟೋರ್ಸಿನ ಗುಮಾಸ್ತ, ಯಾರ ತಂಟೆಗೂ ಹೋಗದ ಮನುಷ್ಯ.

“ಅದು ಫೌಲ್ ಅಲ್ವಾ ಸಾರ್?”

ಆತ ಕ್ಯಾಪ್ಟನ್ನನ್ನು ನೋಡಿದ, ವೇದಿಕೆಯ ಮೇಲಿದ್ದ ಸಾಹೇಬರನ್ನು ನೋಡಿದ. ಆಮೇಲೆ ಸೀಟಿ ಬಾಯಿಗಿಟ್ಟು ಜೋರಾಗಿ ಊದಿ, ಕೈ ನಮ್ಮ ಕಡೆಗೆ ತೋರಿಸಿದ. ಫ್ರೀ ಕಿಕ್ ನಮ್ಮದು.

ಅಕ್ಕನ ಆ ಒದೆತ ಗೋಲಾಯಿತು ಎಂದು ಬರೆಯಲು ಆಸೆಯಿದೆ, ಆದರೆ ಆಗಲಿಲ್ಲ. ಬಾಲು ಕಂಬಕ್ಕೆ ಬಡಿದು ಶಾಮಿಯಾನದ ಕಡೆ ಹೋಯಿತು. ಯಾರೂ ನಗಲಿಲ್ಲ. ರೆಫರಿ ಗಂಡಸರನ್ನು ಹೊರಗೆ ಕಳಿಸಿ, ನಾವು ಸಾಕೆನ್ನುವವರೆಗೂ ಆಡಿಸಿದ.

ಸೋಮವಾರ ಪರ್ಸನಲ್ ಆಫೀಸರು ನಮ್ಮಿಬ್ಬರನ್ನು ಕರೆಸಿ, ತಪ್ಪಾಯಿತು ಎಂದು ಬರೆದುಕೊಡಿ, ಇಲ್ಲಿಗೇ ಮುಗಿಸೋಣ ಎಂದರು.

“ಫುಟ್‌ಬಾಲ್ ಆಡಿದ್ವಿ ಅಂತ ಬೇಕಾದ್ರೆ ಬರ್ಕೊಡ್ತೀನಿ ಸಾರ್,” ಎಂದಳು ಅಕ್ಕ. “ತಪ್ಪಾಯ್ತು ಅಂತ ಬರೆಯಲ್ಲ.” ನಾನೂ ಬರೆಯಲಿಲ್ಲ.

ನಮ್ಮಿಬ್ಬರನ್ನು ಬೇರೆ ಮಾಡಿದರೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡಿರಬೇಕು. ಅಕ್ಕನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿದ್ದವರೆಲ್ಲ ಹೊಸದಾಗಿ ಸೇರಿದ ಹದಿನೆಂಟು, ಇಪ್ಪತ್ತರ ಹುಡುಗಿಯರು. ದಿನವಿಡೀ ಭಾರದ ಪೆಟ್ಟಿಗೆ ಎತ್ತಿ ಎತ್ತಿ ಗಟ್ಟಿಯಾಗಿದ್ದವರು. ಆ ಶನಿವಾರ ಸಂಜೆ ನಾನು ಕಾರ್ಖಾನೆಯ ಹಿಂದಿನ ಖಾಲಿ ಜಾಗಕ್ಕೆ ಹೋದಾಗ ಅಕ್ಕ ಬಾಲನ್ನು ಕಂಕುಳಲ್ಲಿ ಹಿಡಿದು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸುತ್ತಿದ್ದಳು.