ಹಿರಿಯರ ಬಸ್ಸು ಹನ್ನೊಂದಕ್ಕೆ

ನನ್ನ ಗಂಡನ ಅಕ್ಕ ಕಮಲಮ್ಮನವರ ಬಗ್ಗೆ ಯಾರಾದರೂ ಬರೆಯುವುದಾದರೆ ಅದನ್ನು ನಾನೇ ಬರೆಯಬೇಕು. ಬೇರೆಯವರ ಕೈಗೆ ಕೊಟ್ಟರೆ ‘ಪಾಪ, ಒಳ್ಳೆ ಹೆಂಗಸು’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ಆ ‘ಪಾಪ’ ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರನ್ನು ಪಾಪ ಅನ್ನಿಸಿಕೊಳ್ಳುವ ಹಾಗೆ ಮಾಡಿದವರು ಯಾರು, ನಾವೇ ತಾನೆ.

ಅತ್ತಿಗೆಗೆ ಈಗ ಅರವತ್ಮೂರು. ಹಾಲುರಾಮೇಶ್ವರದ ಹತ್ತಿರದ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವರು ಇಪ್ಪತ್ತೇಳಕ್ಕೆ ಗಂಡನನ್ನು ಕಳೆದುಕೊಂಡು ಹೊಸದುರ್ಗದ ತವರಿಗೆ ವಾಪಸ್ಸು ಬಂದರು. ಮನೆ ಈಗ ಅವರ ದೊಡ್ಡ ತಮ್ಮ, ಅಂದರೆ ನನ್ನ ಭಾವ ರಾಜಶೇಖರ್ ಅವರದು. ಊರಿನಲ್ಲಿ ಕೊಬ್ಬರಿ ಮಂಡಿ ಇಟ್ಟು ದೊಡ್ಡ ಮನುಷ್ಯ ಅನ್ನಿಸಿಕೊಂಡವರು. ಅವರ ಮಗಳು ಬಿಂದುವಿಗೆ ಎರಡು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಮುಂದೆ ಆ ಮಗುವಿನ ಜಡೆ, ಜ್ವರ, ಹಟ, ಹೋಮ್‌ವರ್ಕು ಎಲ್ಲ ಅತ್ತಿಗೆಯ ಪಾಲಿಗೆ ಬಂತು. ಭಾವನಿಗೆ ಮಗಳು ಎಷ್ಟನೇ ಕ್ಲಾಸಿನಲ್ಲಿದ್ದಾಳೆ ಎನ್ನುವುದೂ ಎಷ್ಟೋ ಸಲ ನೆನಪಿರುತ್ತಿರಲಿಲ್ಲ.

ನಮ್ಮ ಬಳಗದ ಮದುವೆಗಳಲ್ಲಿ ಜನರನ್ನು ಕರೆಯುವುದು, ಕರೆತರುವುದು ಅತ್ತಿಗೆಯ ಕೆಲಸ. ನಮ್ಮಲ್ಲಿ ಬರೀ ಕಾರ್ಡು ಕೊಟ್ಟರೆ ಯಾರೂ ಬರುವುದಿಲ್ಲ. ಮನೆ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಕರೆಯಬೇಕು. ಗಂಡ ಇಲ್ಲದವರು ಕುಂಕುಮ ಇಡುವಂತಿಲ್ಲವಂತೆ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ ಏನೋ. ಹಾಗಾಗಿ ಬಟ್ಟಲು ಹಿಡಿದುಕೊಂಡು ಅವರ ಹಿಂದೆ ನಾನು. ಅವರು ಕರೆಯುವುದು, ನಾನು ಇಡುವುದು. ಹೀಗೆ ಇಪ್ಪತ್ತೆರಡು ವರ್ಷ ಭರಮಸಾಗರದಿಂದ ಆದಿವಾಲದವರೆಗೆ ಬಿಸಿಲಲ್ಲಿ ಇಬ್ಬರೂ ಅಲೆದಿದ್ದೇವೆ. ಜನ ಬರುತ್ತಿದ್ದದ್ದು ಅವರ ಮಾತಿಗೆ, ನನ್ನ ಕುಂಕುಮಕ್ಕಲ್ಲ.

ಆಮೇಲೆ ಬಸ್ಸು. ಯಾರಿಗೆ ವಾಂತಿಯಾಗುತ್ತದೆ, ಅವರಿಗೆ ಮುಂದಿನ ಸೀಟು. ಯಾರಿಗೆ ಸಕ್ಕರೆ ಕಾಯಿಲೆ, ಅವರ ಕೈಗೆ ಹತ್ತು ಗಂಟೆಗೆ ಬಾಳೆಹಣ್ಣು. ಯಾವ ಅಣ್ಣತಮ್ಮ ಹೊಲದ ಬದುವಿಗೆ ಮಾತು ಬಿಟ್ಟಿದ್ದಾರೆ, ಅವರ ನಡುವೆ ನಾಲ್ಕು ಸೀಟು ಅಂತರ. ಇದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಮಂಟಪದ ಹತ್ತಿರ ಮಾತ್ರ ಅವರು ಸುಳಿಯುತ್ತಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ಹಚ್ಚಿಕೊಂಡಿರುತ್ತಿದ್ದರು. ಯಾರೂ ಹೋಗು ಎಂದು ಹೇಳುತ್ತಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ.

ಬಿಂದುವಿನ ಮದುವೆ ಗೊತ್ತಾದಾಗ ಅವರು ನನಗೊಂದು ಮಾತು ಹೇಳಿದರು. “ದಾಕ್ಷಾಯಿಣಿ, ಇನ್ನ್ಯಾರ ಮದುವೆಲೂ ನಾನು ಕೇಳಿಲ್ಲ. ಈ ಹುಡುಗಿ ತಾಳಿ ಕಟ್ಟಿಸ್ಕಳದು ಮಾತ್ರ ಎದುರಿಗೆ ನಿಂತು ನೋಡ್ಬೇಕು ಕಣಮ್ಮ.”

“ಅದ್ಯಾರು ತಡೀತಾರೋ ನಾನೂ ನೋಡ್ತೀನಿ ಅತ್ತಿಗೆ” ಎಂದೆ. ಬಾಯಿ ನನ್ನದು ದೊಡ್ಡದು, ಇಡೀ ಬಳಗಕ್ಕೇ ಗೊತ್ತು.

ಗಂಡಿನ ಕಡೆಯವರು ಬೆಂಗಳೂರಿನವರು. ನಮ್ಮ ಮಠದ ಕಲ್ಯಾಣಮಂಟಪ ಅವರ ಕಣ್ಣಿಗೆ ಹಿಡಿಸಲಿಲ್ಲ. ಮದುವೆ ಸಮುದ್ರದ ದಂಡೆಯಲ್ಲಿ ಆಗಬೇಕು, ಕುಂದಾಪುರದ ಆಚೆ ಒಂದು ರೆಸಾರ್ಟ್ ಇದೆ ಎಂದರು. ಭಾವ ಬಾಯಿ ಬಿಟ್ಟುಕೊಂಡು ಒಪ್ಪಿದರು. ಜನರ ವ್ಯವಸ್ಥೆಗೆ ಪ್ರಸನ್ನಕುಮಾರ್ ಎನ್ನುವ ಈವೆಂಟ್ ಮ್ಯಾನೇಜರ್ ಬಂದ. ಕಿವಿಯಲ್ಲಿ ಸದಾ ಏನೋ ಸಿಕ್ಕಿಸಿಕೊಂಡಿರುತ್ತಿದ್ದ, ನಾವು ಮಾತಾಡಿದರೆ ಇನ್ನ್ಯಾರಿಗೋ ಉತ್ತರ ಕೊಡುತ್ತಿದ್ದ. ಎಲ್ಲರ ಮೊಬೈಲಿಗೆ ಒಂದು ಲಿಂಕ್ ಕಳಿಸಿ, ಬರುವವರು ತುಂಬಿ ಕಳಿಸಿ ಎಂದ. ನಮ್ಮ ಮುದುಕರಲ್ಲಿ ಒಬ್ಬರೂ ತುಂಬಲಿಲ್ಲ. ಅವನು ಅಷ್ಟೂ ಜನರನ್ನು ಬರುವುದಿಲ್ಲ ಎಂದು ಹೊಡೆದುಹಾಕಿದ.

ಆಗ ಭಾವನಿಗೆ ಅಕ್ಕ ನೆನಪಾದರು. “ಅಕ್ಕ, ಹಿರಿಯರ ಬಸ್ಸು ನಿಂದು. ಕರ್ಕಂಡು ಬರದು, ನೋಡ್ಕಳದು ಎಲ್ಲ ನೀನೇ. ನಿನ್ ಬಿಟ್ರೆ ಇನ್ಯಾರ ಕೈಲೂ ಆಗಲ್ಲ” ಎಂದರು. ಅತ್ತಿಗೆಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಈಗ ನೆನೆಸಿಕೊಂಡರೆ ಭಾವನ ಆ ನಯದ ಮಾತಿಗೆ ಕಪಾಳಕ್ಕೆ ಬಿಡಬೇಕು ಅನ್ನಿಸುತ್ತದೆ.

ಹದಿನೈದು ದಿನ ಅತ್ತಿಗೆ ಬೇರೆ ಯೋಚನೆಯನ್ನೇ ಮಾಡಲಿಲ್ಲ. ನಾವಿಬ್ಬರೂ ಮತ್ತೆ ಬಟ್ಟಲು ಹಿಡಿದು ಹೊರಟು, ಲಿಂಕ್ ತುಂಬದ ಮೂವತ್ತನಾಲ್ಕು ಹಿರಿಯರನ್ನು ಕರೆದು ಬಂದೆವು. ಬಳಗಕ್ಕೆಲ್ಲ ಹಿರಿಯರಾದ ಆದಿವಾಲದ ದೊಡ್ಡಪ್ಪ ಏಕಾಂತಪ್ಪನವರು ಎಂಬತ್ತಾರು ವರ್ಷದಲ್ಲಿ ಘಾಟಿ ಇಳಿಯಲು ಒಲ್ಲೆ ಎಂದಿದ್ದರು. ಅತ್ತಿಗೆ ಅವರ ಕಾಲ ಹತ್ತಿರ ಕೂತು ಒಪ್ಪಿಸಿದರು. ಘಾಟಿಗೆಂದು ನಿಂಬೆಹಣ್ಣು, ಹುಣಸೆಹಣ್ಣು, ಮಂಡಕ್ಕಿ ಕಟ್ಟಿಕೊಂಡರು. ಕರಾವಳಿಯ ಕುಸುಬಲಕ್ಕಿ ಅನ್ನ ನಮ್ಮವರ ಗಂಟಲಲ್ಲಿ ಇಳಿಯುವುದಿಲ್ಲವೆಂದು ರಾಗಿ ಹಿಟ್ಟಿನ ಚೀಲ ಹೇರಿದರು. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ತೊಟ್ಟು ನೀರೂ ಕುಡಿಯದವರು ಒಂಬತ್ತು ಜನ ಇದ್ದರು. ಅವರಿಗಾಗಿ ಲಾಡ್ಜಿಗೆ ತಾವೇ ಫೋನು ಮಾಡಿ, ಬೆಳಗಿನ ಜಾವ ಬಿಸಿನೀರು ಸಿಗುತ್ತದೆಯೇ, ಕೆಳಗಿನ ಮಹಡಿಯಲ್ಲಿ ಎಷ್ಟು ರೂಮಿವೆ ಎಂದು ವಿಚಾರಿಸಿದರು. ಮರಳಲ್ಲಿ ಮಂಡಿನೋವಿನವರು ಹೇಗೆ ನಡೆಯುತ್ತಾರೆ ಎಂದು ಮಠದಿಂದ ಎರಡು ಉದ್ದನೆಯ ಜಮಖಾನ ಕೇಳಿ ತಂದು ಬಸ್ಸಿನ ಮೇಲೆ ಕಟ್ಟಿಸಿದರು. ಪ್ರಸನ್ನಕುಮಾರನ ಕಂಪ್ಯೂಟರಿನಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ನಾನು, ನಮ್ಮೆಜಮಾನರು ಎರಡು ದಿನ ಮೊದಲೇ ರೆಸಾರ್ಟಿಗೆ ಹೋಗಿದ್ದೆವು. ಹೆಂಡತಿ ಇಲ್ಲದ ಭಾವ ಒಬ್ಬರೇ ಧಾರೆ ಎರೆಯುವಂತಿಲ್ಲವಲ್ಲ, ಆ ಜಾಗದಲ್ಲಿ ನಾವು ಗಂಡ ಹೆಂಡತಿ ಕೂರಬೇಕಿತ್ತು. ಮದುವೆಯ ಹಿಂದಿನ ಸಂಜೆ ಹಿರಿಯರ ಬಸ್ಸು ಲಾಡ್ಜು ಮುಟ್ಟಿತು. ಲಾಡ್ಜು ಇದ್ದದ್ದು ರೆಸಾರ್ಟಿನಿಂದ ಹದಿನಾರು ಕಿಲೋಮೀಟರು ದೂರ. ಅಲ್ಲಿ ಅತ್ತಿಗೆಯ ಕೈಗೆ ಪ್ರಸನ್ನಕುಮಾರನ ಕಡೆಯ ಕೆಲಸದ ಹುಡುಗಿ ಒಂದು ಹಾಳೆ ಕೊಟ್ಟಳು. ಮುಹೂರ್ತ ಒಂಬತ್ತೂ ಐವತ್ತಕ್ಕೆ. ಹಿರಿಯರ ಬಸ್ಸು ಲಾಡ್ಜು ಬಿಡುವುದು ಹನ್ನೊಂದಕ್ಕೆ, ನೇರ ಊಟಕ್ಕೆ.

ಅತ್ತಿಗೆ ಭಾವನಿಗೆ ಫೋನು ಮಾಡಿದಾಗ ನಾನು ರೆಸಾರ್ಟಿನಲ್ಲಿ ಭಾವನ ಪಕ್ಕದಲ್ಲೇ ಹೂ ಕಟ್ಟುತ್ತಿದ್ದೆ. ಭಾವ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು.

“ಹಾಳೇಲಿ ತಪ್ಪಾಗೈತೆ ರಾಜು. ಬಸ್ಸು ಹನ್ನೊಂದಕ್ಕೆ ಅಂತ ಬರ್ದಾರೆ.”

“ತಪ್ಪಲ್ಲಕ್ಕ. ಮರಳು, ಬಿಸ್ಲು, ವಯಸ್ಸಾದವರಿಗೆ ತ್ರಾಸು. ಅವರ ಅನುಕೂಲಕ್ಕೇ ಹಂಗ್ ಮಾಡಿರದು. ನೀನು ಅವರ ಜತೆಗಿರು.”

“ಮುದುಕರನ್ನ ಯಾಕೆ ಅಡ್ಡ ಇಡ್ತೀಯ? ನಾನು ಬರಬಾರ್ದು ಅಂತ ನೆಟ್ಟಗೆ ಹೇಳು.”

“ಬೀಗರು ಒಂಥರಾ ಜನ ಅಕ್ಕ. ಮುಹೂರ್ತದ ಹೊತ್ನಾಗೆ ಸುಮ್ನೆ ಒಂದು ಮಾತು ಯಾಕೆ. ಊಟಕ್ಕೆ ಬಾ, ಫೋಟೋ ತೆಗೆಸ್ಕಳಾಣ.”

ಫೋನು ಕಟ್ಟಾಯಿತು. ನನಗೆ ತಡೆಯಲಿಲ್ಲ. “ಏನ್ ಭಾವ, ಹೆಂಡ್ತಿ ಸತ್ತ ನೀವು ಮಂಟಪದಾಗೆ ಓಡಾಡ್ಬೋದು, ಗಂಡ ಸತ್ತ ಅವ್ರು ದೂರದಿಂದನೂ ನೋಡಬಾರ್ದಾ? ಹುಡುಗಿನ ಸಾಕಿದ್ದು ಯಾರು, ನಿಮ್ಮ ಬೀಗ್ತಿನಾ?” ಎಂದು ನಾಲ್ಕು ಜನರ ಎದುರಿಗೇ ಕೇಳಿದೆ. “ದಾಕ್ಷಾಯಿಣಿ, ನಿನಗೆ ಗೊತ್ತಾಗಲ್ಲ, ಸುಮ್ನಿರು” ಎಂದು ಭಾವ ಎದ್ದುಹೋದರು. ಕೇಳಬೇಕಾದ್ದನ್ನು ಕೇಳಿದೆ ಎಂದು ನನಗೂ ಸಮಾಧಾನವಾಯಿತು. ಅಷ್ಟಕ್ಕೇ ಸಮಾಧಾನವಾಯಿತು ನೋಡಿ.

ಮರುದಿನ ಅತ್ತಿಗೆ ಏನು ಮಾಡಿದರೆಂದು ಬಸ್ಸಿನಲ್ಲಿದ್ದವರು ಆಮೇಲೆ ಹೇಳಿದರು. ಬೆಳಗಾಗುವ ಮೊದಲೇ ಒಂದೊಂದೇ ಬಾಗಿಲು ತಟ್ಟಿದರು. ಏಳರೊಳಗೆ ಸ್ನಾನ, ಪೂಜೆ, ಉಪ್ಪಿಟ್ಟು ಮುಗಿದಿತ್ತು. ಡ್ರೈವರು ಹನ್ನೊಂದರ ಹಾಳೆ ತೋರಿಸಿದ. ಅತ್ತಿಗೆ ಅದನ್ನು ಇಸಿದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ನಿನ್ನ ಕರ್ಕಂಡು ಬಂದಿರದು ನಾನು. ಗಾಡಿ ತೆಗಿಯಪ್ಪ” ಎಂದರಂತೆ.

ಎಂಟೂವರೆಗೆ ಬಸ್ಸು ರೆಸಾರ್ಟಿನ ಗೇಟಿನಲ್ಲಿತ್ತು. ಕೈಗೆ ಕೆಂಪು ಪಟ್ಟಿ ಇದ್ದವರನ್ನು ಮಾತ್ರ ಈಗ ಬಿಡುವುದು, ಇವರ ಪಟ್ಟಿ ಹಳದಿ ಎಂದು ಕಾವಲುಗಾರ ಅಡ್ಡ ನಿಂತ. ಗಲಾಟೆ ಕೇಳಿ ನಾವೆಲ್ಲ ಹೊರಗೆ ಬಂದೆವು. ಪ್ರಸನ್ನಕುಮಾರ್ ಓಡಿಬಂದು, “ಮೇಡಂ, ನಿಮ್ಮ ಸ್ಲಾಟು ಹನ್ನೊಂದಕ್ಕೆ” ಎಂದ. ಏಕಾಂತಪ್ಪನವರು ಬಸ್ಸಿನಿಂದಿಳಿದು ಕೋಲು ಕುಟ್ಟಿದರು. “ನಮ್ಮ ಹುಡುಗಿ ಮದುವೆಗೆ ನಾವು ಬಣ್ಣದ ದಾರ ಕಟ್ಕಂಡು ಬರ್ಬೇಕೇನಲೇ? ಸರಿ ಆ ಕಡಿಗೆ.” ಭಾವ ಅಕ್ಕನನ್ನು ಕಣ್ಣಲ್ಲೇ ಸುಡುತ್ತಿದ್ದರು. ಬೀಗರೆಲ್ಲ ನೋಡುತ್ತಿದ್ದರಿಂದ ಹಲ್ಲು ಕಚ್ಚಿಕೊಂಡು ಗೇಟು ತೆಗೆಸಿದರು.

ಅತ್ತಿಗೆ ಜಮಖಾನ ಇಳಿಸಿ ಮರಳಿನ ಮೇಲೆ ಹಾಸಿಸಿದರು. ಮೂವತ್ತನಾಲ್ಕು ಮಂದಿ ಅದರ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಮಂಟಪದ ಮುಂದೆ ಬಂದು ಕೂತರು. ಗಂಡಿನ ಕಡೆಯವರಿಗೆಂದು ಬಿಳಿ ಬಟ್ಟೆ ಸುತ್ತಿಟ್ಟಿದ್ದ ಕುರ್ಚಿಗಳಲ್ಲೇ ಕೂತರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತಿಗೆ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ನಿಂತುಕೊಂಡರು.

ಧಾರೆ ಮುಗಿಯಿತು. ತಾಳಿ ತಟ್ಟೆಯನ್ನು ಎಲ್ಲರಿಂದ ಮುಟ್ಟಿಸಿಕೊಂಡು ಬಂದರು. ಆಗ ಬಿಂದು ತಲೆ ಎತ್ತಿ ಜನರ ನಡುವೆ ಹುಡುಕಿದಳು.

“ಅತ್ತೆ, ಬಾ ಇಲ್ಲಿ. ನೀನು ಪಕ್ಕದಲ್ಲಿ ನಿಂತ್ಕಂಡ್ರೇ ತಾಳಿ.”

ಅತ್ತಿಗೆ ಹೊರಟರು. ಏಕಾಂತಪ್ಪನವರು ಮುಂದಿನ ಸಾಲಿನಿಂದ, “ಕಮಲಮ್ಮ, ಎಲ್ಲಿಗೆ? ಹೊತ್ತು ಗೊತ್ತು ಇಲ್ವೇನು” ಎಂದರು. ಗೇಟಿನಲ್ಲಿ ಕೋಲು ಕುಟ್ಟಿದ ಅದೇ ಮನುಷ್ಯ. ಬೆಳಿಗ್ಗೆ ಬಿಸಿನೀರು ಹೊಂದಿಸಿಕೊಟ್ಟವಳಿಗೆ ಅಂದ ಮಾತು ಅದು. ಅತ್ತಿಗೆ ನಿಲ್ಲಲಿಲ್ಲ. ಭಾವ ಕೈ ಅಡ್ಡ ಮಾಡಿದರು. ಅದನ್ನು ದಾಟಿ ಬಂದರು. ಬೀಗಿತಿ ಪಕ್ಕದವಳ ಕಿವಿಯಲ್ಲಿ ಏನೋ ಕೇಳಿದ್ದೂ, ಆ ಪಕ್ಕದವಳು ಬಾಯಿ ಮೇಲೆ ಕೈ ಇಟ್ಟುಕೊಂಡದ್ದೂ ನನಗೆ ಕಾಣಿಸಿತು. ಅತ್ತಿಗೆ ಮಂಟಪದ ಮೊದಲ ಮೆಟ್ಟಿಲು ಹತ್ತಿದರು.

ಧಾರೆಗೆ ಕೂತವಳು ನಾನು. ನಾಳೆ ಈ ಹುಡುಗಿಗೆ ಏನಾದರೂ ಹೆಚ್ಚುಕಮ್ಮಿಯಾದರೆ, ಅಲ್ಲೇ ಇದ್ದೆಯಲ್ಲ, ಹೇಳಬಾರದಿತ್ತೇ ಎಂದು ಎಲ್ಲರೂ ನನ್ನ ಮೇಲೇ ಬೀಳುತ್ತಾರೆ. ಅಷ್ಟೇ ಅಲ್ಲ, ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಹೌದೇನೋ ಅನ್ನಿಸಿತು. ಕೂತಲ್ಲಿಂದಲೇ ಕೈ ಮುಂದೆ ಚಾಚಿದೆ.

“ಅತ್ತಿಗೆ, ಸ್ವಲ್ಪ ತಡೀರಿ. ತಾಳಿ ಆಗ್ಲಿ, ಆಮೇಲೆ ಬರ್ರಿ.”

ಬೈದು ಹೇಳಲಿಲ್ಲ, ಮೆತ್ತಗೇ ಹೇಳಿದೆ. ಅತ್ತಿಗೆ ನನ್ನ ಮುಖ ನೋಡಿದರು. “ಆಯ್ತಮ್ಮ” ಎಂದರು. ಮೆಟ್ಟಿಲಿಳಿದು, ಸಾಲುಗಳನ್ನು ದಾಟಿ, ಊಟದ ಚಪ್ಪರದ ಕಡೆ ನಡೆದುಹೋದರು. ಬಿಂದು “ಅತ್ತೆ” ಎಂದು ಕೂಗುವಷ್ಟರಲ್ಲಿ ವಾಲಗದವರು ಜೋರಾಗಿ ಊದಿದರು. ತಾಳಿ ಕಟ್ಟಿದರು, ಅಕ್ಷತೆ ಬಿತ್ತು. ಅತ್ತಿಗೆ ನೋಡಲಿಲ್ಲ.

ಇದಾಗಿ ಹನ್ನೊಂದು ತಿಂಗಳಾಯಿತು. ಭಾವನ ಜೊತೆ ಅತ್ತಿಗೆ ಎಂದಿನಂತೆಯೇ ಇದ್ದಾರೆ. ಏಕಾಂತಪ್ಪನವರ ಕಣ್ಣಿನ ಆಪರೇಷನ್ ಆದಾಗ ಆದಿವಾಲಕ್ಕೆ ಹೋಗಿ ನಾಲ್ಕು ದಿನ ಇದ್ದು ನೋಡಿಕೊಂಡು ಬಂದರು. ನನ್ನ ಜೊತೆ ಮಾತ್ರ, ಊಟ ಆಯ್ತಾ ಎಂದರೆ ಆಯ್ತು, ಅಷ್ಟೇ. ನನಗೆ ಮೊದಮೊದಲು ಸಿಟ್ಟೇ ಬಂತು. ದೂರ ಇಟ್ಟವರು ಭಾವ, ಬೈದವರು ಏಕಾಂತಪ್ಪನವರು, ಇವರ ಪರವಾಗಿ ಜಗಳವಾಡಿದವಳು ನಾನೊಬ್ಬಳು. ನನ್ನ ಮೇಲೆಯೇ ಯಾಕೆ?

ಹೋದ ವಾರ ಬಿಂದು ಬಂದಿದ್ದಳು. ನೀನಾದರೂ ಕೇಳಿ ನೋಡು ಎಂದೆ. ಅವಳು ಒಳಗೆ ಹೋಗಿ ಅತ್ತಿಗೆಯ ಹತ್ತಿರ ಬಹಳ ಹೊತ್ತು ಕೂತಿದ್ದು ಬಂದಳು. ನನ್ನ ಮುಖ ನೋಡದೆ ಹೇಳಿದಳು.

“ಅವರೆಲ್ಲ ಹಂಗೇ ಅಂತ ಅತ್ತೆಗೆ ಮೊದ್ಲೇ ಗೊತ್ತಿತ್ತಂತೆ ಚಿಕ್ಕಮ್ಮ. ಮಂಟಪದಾಗೆ ಎದುರಿಗೆ ನೀನು ಕುಂತಿದ್ದೆ ಅನ್ನೋ ಧೈರ್ಯದ ಮೇಲೇ ಮೆಟ್ಲು ಹತ್ತಿದ್ದಂತೆ.”