ಗುಂಡಿಗೆ ವಿಮೆಯಿಲ್ಲ

ಮುಂಡರಗಿಯ ನಮ್ಮ ಮನೆಗೆ ವಿಮಾ ಏಜೆಂಟರು ಬಂದಾಗ ಅಪ್ಪ ಗಡಿಯ ಶಿಬಿರಕ್ಕೆ ಹೊರಟು ನಿಂತಿದ್ದ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ ಹೋರಾಟದ ದಿನಗಳವು.

"ಜಡ್ಡಿನಿಂದ ಸತ್ರ ರೊಕ್ಕ ಬರ್ತೈತ್ರಿ. ಹೊಡದಾಟದಾಗ ಗುಂಡು ಬಿದ್ದು ಸತ್ರ ಬರಂಗಿಲ್ರಿ," ಎಂದು ಅವರು ಸಂಕೋಚದಿಂದ ಹೇಳಿದರು.

ಅಪ್ಪ ಹೆಗಲ ಚೀಲ ಕೆಳಗಿಟ್ಟ. ಹೆಣ್ಣುಮಕ್ಕಳಾದ ನಮ್ಮ ಮೂವರ ಆಸರೆಗೆಂದೇ ಆ ಪಾಲಿಸಿ ಮಾಡಿಸಿದ್ದ.

ಅವ್ವ ಬುತ್ತಿ ತಂದು ಅವನ ಕೈಗಿಟ್ಟಳು. "ನೂಲು ಸುತ್ತಿ ಮಕ್ಕಳನ್ನ ಸಾಕೂ ಶಕ್ತಿ ನನಗೈತಿ. ನೀವು ಹೋಗಿ ಬರ್ರಿ."

ಅಪ್ಪ ಹೊಸ್ತಿಲು ದಾಟಿದ ಮೇಲೆ ಅವಳು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಎದೆ ಡವಗುಟ್ಟುವುದು ನನಗೆ ಕೇಳಿಸಿತು.

ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅಪ್ಪ ಗಟ್ಟಿಮುಟ್ಟಾಗಿ ಮರಳಿದ, ಮೊಮ್ಮಕ್ಕಳನ್ನು ಆಡಿಸುವಷ್ಟು ಕಾಲ ಬಾಳಿದ. ಧೈರ್ಯವಂತರಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಇಂದಿಗೂ ನಂಬುವುದಿಲ್ಲ.